ಗುಡಿಬಂಡೆಯ ಮಾವು, ಬಾಗೇಪಲ್ಲಿಯ ಸಗಣಿ



ದೀಪ ಬೆಳಗುವ ಬದಲು ಸಸಿಗೆ ನೀರೆರೆದು ಈ ದತ್ತಿ ಉಪನ್ಯಾಸದ ಸಭೆಯನ್ನು ಉದ್ಘಾಟಿಸಿದ್ದೀರಿ. ಈಗ ಎಲ್ಲ ಕಡೆಯೂ ಇದೇ ರೂಢಿ. ನಾನೂ ಅಧ್ಯಕ್ಷರೂ ಒಂದೇ ತಂಬಿಗೆ ಹಿಡಿದು ನೀರು ಹೊಯ್ದೆವು. ಫೋಟೊ ಸರಿಯಾಗಿ ಬಂದಿಲ್ಲವೆಂದು ಮತ್ತೊಮ್ಮೆ ಹೊಯ್ದೆವು. ನೋಡಿದರೆ ಅದು ಮಾವಿನ ಕಸಿ ಗಿಡ, ಇನ್ನೂ ಕರಿ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ನಾನು ಹೇಳಲು ಬಂದಿರುವುದೂ ಮಾವಿನ ಸಸಿಗಳ ಕಥೆಯೇ. ಸಂಘಟಕರಿಗೆ ಇದು ಮೊದಲೇ ಗೊತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

2002ರಲ್ಲಿ ಕೋಲ್ಡ್‌ಪ್ಲೇ ಎಂಬ ಬ್ರಿಟಿಷ್ ವಾದ್ಯತಂಡದ ಎರಡನೆಯ ಆಲ್ಬಂ ಬಿಡುಗಡೆಯಾಯಿತು. ಸಿಡಿ ತಯಾರಿಸಿ ಹಂಚುವಾಗ ಗಾಳಿಗೆ ಸೇರುವ ಇಂಗಾಲಕ್ಕೆ ಪ್ರತಿಯಾಗಿ 10,000 ಮಾವಿನ ಸಸಿ ನೆಡಿಸುವುದಾಗಿ ತಂಡ ಸಾರಿತು. ಅಭಿಮಾನಿಗಳೂ ದುಡ್ಡು ಕೊಟ್ಟು ತಮ್ಮ ಹೆಸರಿಗೊಂದು ಗಿಡ ಮಾಡಿಕೊಳ್ಳಬಹುದಿತ್ತು. ಲಂಡನ್ನಿನ ಕಂಪನಿಯೊಂದು ಹಣ ಪಡೆಯಿತು, ಬೆಂಗಳೂರಿನ ಸಂಸ್ಥೆಯೊಂದು ಸಸಿ ಹಂಚಿತು. ಹಂಚಿದ್ದು ಎಲ್ಲಿ? ಚಿಕ್ಕಬಳ್ಳಾಪುರದ ಈ ಸಭಾಂಗಣದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಗುಡಿಬಂಡೆಯ ಆಸುಪಾಸಿನ ಹಳ್ಳಿಗಳಲ್ಲಿ.

2006ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಪತ್ರಿಕೆಯವರು ಆ ಹಳ್ಳಿಗಳಿಗೆ ಬಂದು ನೋಡಿದರು. ಸಸಿಗಳಲ್ಲಿ ಬಹಳಷ್ಟು ಒಣಗಿಹೋಗಿದ್ದವು. ಗಿಡ ಕೊಟ್ಟರು, ನೀರಿಗೆ ದಾರಿ ಮಾಡಲಿಲ್ಲ ಎಂದು ರೈತರು ಹೇಳಿದರು. ನಡುವಿನ ಸಂಸ್ಥೆಗಳು ಒಂದರ ಮೇಲೊಂದು ಬೊಟ್ಟು ಮಾಡಿದವು. ವಾದ್ಯತಂಡಕ್ಕೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಪಾಪ.

ಈ ಸೀಮೆಯವರಿಗೆ ಇದರಲ್ಲಿ ಬಿಡಿಸಿ ಹೇಳುವಂಥದ್ದೇನಿಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆ ನಮಗಿಲ್ಲ. ಮಳೆ ಏಳುನೂರು ಮಿಲಿಮೀಟರ್ ಆಸುಪಾಸು, ಅದೂ ಬಂದರೆ. ಮಾವಿನ ಕಸಿ ಗಿಡ ಬೇರು ಬಿಡುವವರೆಗೆ, ಮೊದಲ ಎರಡು ಮೂರು ಬೇಸಿಗೆ, ನೀರು ಹೊರಲೇಬೇಕು. ನೂರು ಸಸಿ ಪಡೆದ ಮನೆ ಗಿಡಕ್ಕೆ ವಾರಕ್ಕೊಂದೇ ಬಿಂದಿಗೆ ಹಾಕಿದರೂ ವಾರಕ್ಕೆ ನೂರು ಬಿಂದಿಗೆಯಾಯಿತು. ಕುಡಿಯುವ ನೀರಿಗೇ ಸರದಿ ನಿಲ್ಲುವ ಹೆಂಗಸು ಆ ನೂರು ಬಿಂದಿಗೆಯನ್ನು ಎಲ್ಲಿಂದ ಹೊರಬೇಕು? ಲಂಡನ್ನಿನಲ್ಲಿ ಕೂತು ಹತ್ತು ಸಾವಿರ ಎಂದು ಬರೆದವರು ಈ ಬಿಂದಿಗೆಯ ಲೆಕ್ಕ ಹಾಕಿರಲಿಲ್ಲ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ನಂಬಬಹುದಾದ ಕಾರ್ಬನ್ ಆಫ್‌ಸೆಟ್ ಕೊಳ್ಳುವುದು ಹೇಗೆ’ ಎಂದು ಅಚ್ಚಾಗಿದೆ. ನಾನು ಹೊಗೆ ಬಿಟ್ಟಿದ್ದೇನೆ, ಅದನ್ನು ವಾಪಸು ಪಡೆಯಲಾರೆ. ಬದಲಿಗೆ ಇನ್ನೊಬ್ಬರು ಅಷ್ಟೇ ಹೊಗೆ ಕಡಿಮೆ ಮಾಡಲು ಅಥವಾ ಗಾಳಿಯಿಂದ ಅಷ್ಟನ್ನು ಹೀರಿಡಲು ದುಡ್ಡು ಕೊಡುತ್ತೇನೆ. ಆಫ್‌ಸೆಟ್ ಎಂದರೆ ಇಷ್ಟೇ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಟನ್ ಎಂದರೆ ಎಷ್ಟು? ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆ.ಜಿ. ಹೊರಬರುತ್ತದೆ. (ಹೋದ ತೂಕಕ್ಕಿಂತ ಬಂದ ತೂಕ ಹೆಚ್ಚು ಹೇಗೆ ಎಂದು ಹಿಂದಿನ ಬೆಂಚಿನವರು ಕೇಳುತ್ತಾರೆ, ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಅಷ್ಟೆ.) ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಹೋಗಿಬಂದರೆ ಒಬ್ಬರ ಪಾಲಿಗೆ ಸುಮಾರು ಒಂದೂವರೆ ಟನ್. ಅಂದರೆ ಮೂವತ್ತೈದು ಸಿಲಿಂಡರ್, ತಿಂಗಳಿಗೊಂದರಂತೆ ಒಂದು ಮನೆಯ ಮೂರು ವರ್ಷದ ಅಡುಗೆ. ಇನ್ನು ಮರದ ಲೆಕ್ಕ: ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಹಾಗಾಗಿ ಒಂದು ಟನ್ ಡೈಆಕ್ಸೈಡನ್ನು ಮರದಲ್ಲಿ ಹಿಡಿದಿಡಲು ಐದೂವರೆ ಕ್ವಿಂಟಲ್ ಒಣ ಮರ ಬೆಳೆಯಬೇಕು, ಬೆಳೆದು ನಿಂತೇ ಇರಬೇಕು.

ಕೆಲವು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಲಂಡನ್ನಿಗೆ ಹೊರಟೆವು. ಟಿಕೆಟ್ ಕೊಳ್ಳುವ ಕೊನೆಯ ಪುಟದಲ್ಲಿ ಒಂದು ಪುಟ್ಟ ಚೌಕವಿತ್ತು. ಅದನ್ನು ಒತ್ತಿ ಇಷ್ಟು ರೂಪಾಯಿ ಸೇರಿಸಿದರೆ ನಮ್ಮ ಪ್ರಯಾಣ ‘ಕಾರ್ಬನ್ ನ್ಯೂಟ್ರಲ್’. ಇಬ್ಬರಿಗೂ ಸೇರಿ ಏರ್‌ಪೋರ್ಟಿನ ಎರಡು ಕಾಫಿಯ ದುಡ್ಡೂ ಆಗಲಿಲ್ಲ. ಒತ್ತಿದೆ. ಆಮೇಲೆ ಮೇಷ್ಟ್ರ ಚಾಳಿ ಬಿಡಬೇಕಲ್ಲ, ಯಾವ ಯೋಜನೆ, ಯಾವ ಊರು, ಕ್ರೆಡಿಟ್ಟಿನ ಕ್ರಮಸಂಖ್ಯೆ ಏನು ಎಂದು ಪತ್ರ ಬರೆದೆ. ಮೂರು ವಾರದ ಮೇಲೆ ಉತ್ತರ ಬಂತು: ಹಸಿರು ಕಾಡಿನ ಒಂದು ಚಿತ್ರ, ಕೆಳಗೆ ನಮ್ಮಿಬ್ಬರ ಹೆಸರು, ಭೂಮಿಯ ಪರವಾಗಿ ಧನ್ಯವಾದ. ಸಂಖ್ಯೆ ಮಾತ್ರ ಇರಲಿಲ್ಲ.

ಆ ಕಾಗದ ನೋಡುವಾಗ ನನಗೆ ನೆನಪಾದದ್ದು ನಮ್ಮ ದಾನಶಾಸನಗಳು. ದತ್ತಿ ಎಂಬ ಮಾತೇ ಶಾಸನಗಳಲ್ಲಿ ಬಾಳಿ ಬಂದದ್ದು. ಹಳೆಯ ಕಲ್ಲುಗಳನ್ನು ಓದಿದವರಿಗೆ ಗೊತ್ತು, ದಾನ ಕೊಟ್ಟೆವು ಎಂದಷ್ಟೇ ಬರೆದು ಅವರು ಸುಮ್ಮನಾಗುತ್ತಿರಲಿಲ್ಲ. ಯಾರು ಕೊಟ್ಟರು, ಯಾರಿಗೆ, ಯಾವ ಊರಿನ ಯಾವ ಗದ್ದೆ, ಮೂಡಲಿಗೆ ಯಾವ ಹುತ್ತ, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ನೆಟ್ಟ ಕಲ್ಲು, ಎಲ್ಲವನ್ನೂ ಕೆತ್ತಿಸುತ್ತಿದ್ದರು. ಭೂಮಿಯನ್ನು ಯಾವ ಗಳೆಯಲ್ಲಿ ಅಳೆದದ್ದು ಎಂಬುದೂ ಇರುತ್ತಿತ್ತು, ಏಕೆಂದರೆ ಊರೂರಿಗೆ ಗಳೆಯ ಉದ್ದ ಬೇರೆ. ಸಾಕ್ಷಿಗಳ ಹೆಸರಿರುತ್ತಿತ್ತು. ಎಷ್ಟು ಕಾಲಕ್ಕೆ? ಚಂದ್ರಸೂರ್ಯರು ಇರುವವರೆಗೆ. ಕೊನೆಗೆ, ಇದಕ್ಕೆ ತಪ್ಪಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ನಂಬಬಹುದಾದ ಕ್ರೆಡಿಟ್ಟಿಗೂ ಇವಿಷ್ಟೂ ಬೇಕು. ಎಲ್ಲೆ, ಗಳೆ, ಸಾಕ್ಷಿ, ಅವಧಿ. ಶಾಪವೊಂದು ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಶಾಸನಕ್ಕಿಲ್ಲದ ಒಂದು ತೊಡಕು ಇಲ್ಲಿದೆ. ಗದ್ದೆ ಕಣ್ಣಿಗೆ ಕಾಣುತ್ತದೆ; ಹೊರಬಾರದೇ ಉಳಿದ ಹೊಗೆ ಕಾಣುವುದಿಲ್ಲ. ಈ ಹಣ ಬಾರದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ, ಆ ಊಹೆಯಿಂದ ನಡೆದದ್ದನ್ನು ಕಳೆದು, ಉಳಿದದ್ದನ್ನು ಟನ್ ಲೆಕ್ಕದಲ್ಲಿ ಮಾರುತ್ತಾರೆ. ಹುಟ್ಟದ ಮಗುವಿನ ಜಾತಕ ಬರೆದಂತೆ. ಬರೆಯುವವನು ಯಾರು? ಯೋಜನೆಯಿಂದ ದುಡ್ಡು ಬರಬೇಕಾದವನೇ. ಪರಿಶೀಲಿಸುವ ಸಂಸ್ಥೆಗೆ ಫೀಸು ಕೊಡುವವನೂ ಅವನೇ.

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವೆಲ್ಲ ಹೈವೇಯಿಂದ ನೋಡಿದ್ದೀರಿ. ದೇಶದ ಇಂಥ ನೂರಾರು ಪವನ ವಿದ್ಯುತ್ ಯೋಜನೆಗಳು ಕ್ಯೋಟೊ ಒಪ್ಪಂದದಡಿ ಇಂಥ ಕ್ರೆಡಿಟ್ ಕೊಡುವ ಸಿಡಿಎಂ ಎಂಬ ವ್ಯವಸ್ಥೆಯಲ್ಲಿ ಕ್ರೆಡಿಟ್ ಪಡೆದವು. ಭಾರತದ ಪವನ ಯೋಜನೆಗಳನ್ನೇ ಹಿಡಿದು ನಾಲ್ವರು ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದ ಪ್ರಕಾರ, ಕ್ರೆಡಿಟ್ಟುಗಳಲ್ಲಿ ಕನಿಷ್ಠ 52 ಪ್ರತಿಶತ ಹೇಗಿದ್ದರೂ ಕಟ್ಟುತ್ತಿದ್ದ ಯೋಜನೆಗಳಿಗೆ ಹೋಗಿದ್ದವು. ಗಾಳಿಯಂತ್ರ ಒಳ್ಳೆಯದೇ, ವಿದ್ಯುತ್ ಒಳ್ಳೆಯದೇ. ಆದರೆ ಹೇಗೂ ಆಗುತ್ತಿದ್ದ ಕೆಲಸದ ಹೆಸರಲ್ಲಿ ಕ್ರೆಡಿಟ್ ಕೊಂಡು ಯುರೋಪಿನ ಕಾರ್ಖಾನೆ ತನ್ನ ಹೊಗೆ ಬಿಡುತ್ತಲೇ ಇದ್ದರೆ ಗಾಳಿಗೆ ಸೇರುವುದು ಹೆಚ್ಚೇ ಆಯಿತಲ್ಲ. ಎಚ್‌ಎಫ್‌ಸಿ-23 ಅನಿಲದ ಕಥೆ ಇನ್ನೂ ಕೆಟ್ಟದ್ದು. ಫ್ರಿಜ್ಜಿನ ಅನಿಲ ಮಾಡುವಾಗ ಹುಟ್ಟುವ ಈ ಉಪ ಉತ್ಪನ್ನವನ್ನು ಸುಟ್ಟರೆ ಅಪಾರ ಕ್ರೆಡಿಟ್ ಸಿಗುತ್ತಿತ್ತು, ಏಕೆಂದರೆ ಬಿಸಿ ಏರಿಸುವುದರಲ್ಲಿ ಅದರ ಒಂದು ಟನ್ ಡೈಆಕ್ಸೈಡಿನ ಹತ್ತು ಸಾವಿರಕ್ಕೂ ಹೆಚ್ಚು ಟನ್ನಿಗೆ ಸಮ. ಸುಡುವ ಲಾಭಕ್ಕಾಗಿಯೇ ಹೆಚ್ಚು ಹುಟ್ಟಿಸುತ್ತಿದ್ದಾರೆ ಎಂಬ ಆರೋಪ ಬಂದು, ಕೊನೆಗೆ 2013ರಲ್ಲಿ ಯುರೋಪ್ ಆ ಕ್ರೆಡಿಟ್ಟುಗಳಿಗೆ ಬಾಗಿಲು ಹಾಕಿತು.

ಹಾಗಾದರೆ ಎಲ್ಲವೂ ಮೋಸವೇ ಎಂದು ಕೇಳಿದರೆ, ಗುಡಿಬಂಡೆಯ ಪಕ್ಕದ ತಾಲ್ಲೂಕಿಗೆ ಬನ್ನಿ ಎನ್ನುತ್ತೇನೆ. ಇದೆಲ್ಲ ಇನ್ನೂ ಕೋಲಾರ ಜಿಲ್ಲೆಯಾಗಿದ್ದಾಗ, 2005ರ ಡಿಸೆಂಬರ್‌ನಲ್ಲಿ, ಬಾಗೇಪಲ್ಲಿಯ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ ಸಿಡಿಎಂನಲ್ಲಿ ನೋಂದಣಿಯಾಯಿತು. ಎರಡೆರಡು ಘನ ಮೀಟರಿನ 5,500 ಘಟಕಗಳು, ಒಂದೊಂದು ಮನೆಗೆ ಒಂದೊಂದು. ಒಂದು ಘಟಕದಿಂದ ವರ್ಷಕ್ಕೆ ಸುಮಾರು ಮೂರೂವರೆ ಟನ್ ಉಳಿತಾಯವೆಂಬುದು ಯೋಜನೆಯ ಅಂದಾಜು.

ಅಂಥ ಒಂದು ಮನೆಯ ಹಿತ್ತಿಲಲ್ಲಿ ಒಂದು ಬೆಳಗ್ಗೆ ನಿಂತು ನೋಡಿದ್ದೇನೆ. ಅರ್ಧ ಹೂತ ಗುಮ್ಮಟ, ಪಕ್ಕದಲ್ಲಿ ಮೊಣಕಾಲೆತ್ತರದ ತೊಟ್ಟಿ. ಮನೆಯಾಕೆ ಸೀರೆ ಎತ್ತಿ ಕಟ್ಟಿ, ಸಗಣಿಗೆ ಅಷ್ಟೇ ನೀರು ಹೊಯ್ದು, ಹುಲ್ಲುಕಡ್ಡಿ ಕಲ್ಲು ಆಯ್ದು ಎಸೆದು, ಗಂಟಿಲ್ಲದ ಹಾಗೆ ಕೈಯಲ್ಲೇ ಕಲಸಿದರು. ರಾಗಿ ಅಂಬಲಿ ಹದ. ಬೂಚು ಎಳೆದರೆ ಅದು ಬುಳುಬುಳು ಒಳಗೆ ಇಳಿಯಿತು. ಆಚೆ ಬದಿಯಿಂದ ಅಷ್ಟೇ ಬಗ್ಗಡ ಹೊರಬಂದು ತಿಪ್ಪೆ ಸೇರಿತು. ಈ ಅಳತೆಯ ಘಟಕಕ್ಕೆ ದಿನಕ್ಕೆ ಐವತ್ತು ಕೆ.ಜಿ. ಸಗಣಿ ಬೇಕು, ಅಂದರೆ ಕೊಟ್ಟಿಗೆಯಲ್ಲಿ ಮೂರು ನಾಲ್ಕು ರಾಸು ಇರಬೇಕು. ಒಳಗೆ ಒಲೆಯಲ್ಲಿ ನೀಲಿ ಉರಿ. ಅನ್ನ, ಸಾರು, ಕಾಫಿ ಎಲ್ಲ ಅದರ ಮೇಲೆಯೇ.

“ಹಂಗಾದ್ರೆ ಸೌದೆ ಒಲೆ ಪೂರ್ತಿ ಬಿಟ್ರಾ ತಾಯಿ?” ಎಂದೆ.

“ಸ್ನಾನದ ನೀರಿಗೆ ಸೌದೆನೇ ಮೇಷ್ಟ್ರೇ. ಮುದ್ದೆ ದೊಡ್ಡ ಪಾತ್ರೆಲಿ ತಿರುವಬೇಕಾದ್ರೂ ಸೌದೆನೇ. ಹೋದ ಬರದಲ್ಲಿ ಎರಡು ರಾಸು ಮಾರಿದ್ವಿ, ಆಗ ಮೂರ್ ತಿಂಗಳು ಗ್ಯಾಸೇ ಬರಲಿಲ್ಲ.”

ಈ ಉತ್ತರ ಹಲವು ಸಂಶೋಧನಾ ಪ್ರಬಂಧಗಳಿಗೆ ಸಮ. ಹೊಸ ಒಲೆ ಬಂದರೆ ಹಳೆಯದು ಹೋಗುವುದಿಲ್ಲ, ಎರಡೂ ಉರಿಯುತ್ತವೆ. ಹೊಗೆಯಿಲ್ಲದ ಒಲೆ, ಸೌದೆ ಉಳಿಸುವ ಒಲೆಗಳ ಕ್ರೆಡಿಟ್ಟುಗಳನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು: ತಾವು ನೋಡಿದ ಯೋಜನೆಗಳು ಒಟ್ಟಾರೆ ಸುಮಾರು 9 ಪಟ್ಟು ಹೆಚ್ಚು ಕ್ರೆಡಿಟ್ ಪಡೆದಿವೆ ಎಂದು. ಅದೇ ಅಧ್ಯಯನದಲ್ಲಿ, ಇಂಧನ ಎಷ್ಟು ಉರಿಯಿತೆಂದು ಮೀಟರ್ ಇಟ್ಟು ಅಳೆದ ಯೋಜನೆಗಳಲ್ಲಿ ಉಬ್ಬರ ಒಂದೂವರೆ ಪಟ್ಟಿನಷ್ಟೇ. ಗಳೆ ಯಾವುದು ಎಂಬುದರ ಬೆಲೆ ಇಲ್ಲಿ ತಿಳಿಯುತ್ತದೆ. “ದಿನಾ ಬಳಸುತ್ತೀರಾ?” ಎಂದು ಕೇಳಿ “ಹೂಂ” ಎಂದು ಬರೆದುಕೊಂಡದ್ದು ಅಳತೆಯಲ್ಲ. ನಮ್ಮ ಜನ ಮನೆಗೆ ಬಂದ ಅತಿಥಿಗೆ ಇಲ್ಲವೆನ್ನುವವರಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆಕೆ ಮೊದಲು ಉರಿಸುತ್ತಿದ್ದ ಸೌದೆ ಯಾವುದು? ಬೇಲಿಯ ಜಾಲಿ ಕಡಿದು ತಂದ ಪುಳ್ಳೆಯಾದರೆ, ಜಾಲಿ ಮುಂದಿನ ಮಳೆಗೆ ಮತ್ತೆ ಚಿಗುರಿ ಆ ಇಂಗಾಲವನ್ನು ವಾಪಸು ಹೀರುತ್ತದೆ. ಅದನ್ನು ಉಳಿತಾಯವೆಂದು ಎಣಿಸುವಂತಿಲ್ಲ. ಗುಡ್ಡದ ಮರವನ್ನೇ ಬೋಳಿಸಿದ ಸೌದೆಯಾದರೆ ಮಾತ್ರ ಎಣಿಸಬಹುದು. ಒಟ್ಟು ಸೌದೆಯಲ್ಲಿ ಹೀಗೆ ಮರಳಿ ಬೆಳೆಯದ ಪಾಲೆಷ್ಟು ಎಂಬ ಒಂದು ಅಂಕಿಯನ್ನು ಯೋಜನೆಯ ದಾಖಲೆಯಲ್ಲಿ ಬರೆಯುತ್ತಾರೆ. ಅದನ್ನು ತೊಂಬತ್ತು ಪ್ರತಿಶತ ಎಂದು ಬರೆದಿದ್ದರೆ ನಾನು ಆ ಕಾಗದವನ್ನು ಅಲ್ಲಿಗೇ ಮಡಿಸುತ್ತೇನೆ.

ಇಷ್ಟೆಲ್ಲ ಕಳೆದ ಮೇಲೂ ಬಾಗೇಪಲ್ಲಿಯ ಆ ತೊಟ್ಟಿಯನ್ನು ಗುಡಿಬಂಡೆಯ ಸಸಿಗಿಂತ ನಾನು ಹೆಚ್ಚು ನಂಬುತ್ತೇನೆ. ಕಾರಣ ಸರಳ: ಆಕೆಗೆ ಅದು ನಾಳೆ ಬೆಳಗ್ಗೆ ಬೇಕು. ಕಣ್ಣುರಿ ತಪ್ಪುತ್ತದೆ, ಸೌದೆ ಹೊರೆ ತಪ್ಪುತ್ತದೆ, ಹೊಲಕ್ಕೆ ಬಗ್ಗಡ ಸಿಗುತ್ತದೆ. ಲಂಡನ್ನಿನವರು ಮರೆತರೂ ಆಕೆ ಸಗಣಿ ಕಲಸುತ್ತಾರೆ. ಸಸಿ ಹಾಗಲ್ಲ, ಅದು ಫಲ ಕೊಡುವವರೆಗೆ ಅದರ ಹೊಣೆ ಹೊರುವವರಿಗೆ ಬರುವುದು ನೀರು ಹೊರುವ ಕೆಲಸ ಮಾತ್ರ. ನಮ್ಮ ಇನ್ಫೋಸಿಸ್ ತನ್ನ ಲೆಕ್ಕ ಸರಿದೂಗಿಸಲು ಗ್ರಾಮೀಣ ಗೋಬರ್ ಗ್ಯಾಸ್ ಮತ್ತು ಒಲೆಗಳನ್ನು ಆರಿಸಿಕೊಂಡದ್ದಕ್ಕೂ, ಕೋಲಾರದ ಎಸ್‌ಕೆಜಿ ಸಂಘದ ಗೋಬರ್ ಗ್ಯಾಸ್ ಕೆಲಸಕ್ಕೆ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂದದ್ದಕ್ಕೂ ಈ ತೊಟ್ಟಿಯ ಗುಣವೇ ಕಾರಣವಿರಬೇಕು.

ಕಾಡಿನ ಕ್ರೆಡಿಟ್ಟುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲವಾದರೆ ಕಡಿದುಹೋಗುತ್ತಿದ್ದ ಕಾಡನ್ನು ಉಳಿಸಿದ್ದೇವೆ ಎಂದು ಮಾರುವವರ ಪೈಕಿ ಆರು ದೇಶಗಳ 26 ಯೋಜನೆಗಳನ್ನು 2023ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ತೂಗಿ ನೋಡಿತು. ಹೆಚ್ಚಿನವು ಕಾಡುನಾಶವನ್ನು ಗಣನೀಯವಾಗಿ ತಗ್ಗಿಸಿರಲಿಲ್ಲ, ತಗ್ಗಿಸಿದವೂ ಹೇಳಿಕೊಂಡಷ್ಟಲ್ಲ. ಇನ್ನು ಅವಧಿ. 2021ರ ಬೇಸಿಗೆಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ನಾಲ್ಕು ಲಕ್ಷ ಎಕರೆ ಸುಟ್ಟ ಬೂಟ್‌ಲೆಗ್ ಕಾಡ್ಗಿಚ್ಚು, ಮೈಕ್ರೋಸಾಫ್ಟ್‌ನಂಥ ಕಂಪನಿ ಕ್ರೆಡಿಟ್ ಕೊಂಡಿದ್ದ ಕಾಡಿನೊಳಗೂ ನುಗ್ಗಿತು. ಇಂಥದ್ದಕ್ಕೆಂದೇ ಎಲ್ಲ ಯೋಜನೆಗಳಿಂದ ಒಂದಿಷ್ಟು ಕ್ರೆಡಿಟ್ ತೆಗೆದಿಡುವ ಬಫರ್ ಎಂಬ ಕಣಜವಿದೆ. ಕ್ಯಾಲಿಫೋರ್ನಿಯಾದ ವ್ಯವಸ್ಥೆಯಲ್ಲಿ ನೂರು ವರ್ಷದ ಬೆಂಕಿಗೆಂದು ಇಟ್ಟದ್ದು ಹತ್ತು ವರ್ಷದೊಳಗೇ ಬಹುಪಾಲು ಖಾಲಿಯಾಯಿತೆಂದು 2022ರ ಒಂದು ಅಧ್ಯಯನ ಲೆಕ್ಕ ತೋರಿಸಿತು. ನೆಲದಡಿಯ ಕಲ್ಲಿದ್ದಲು ಕೋಟ್ಯಂತರ ವರ್ಷದ ಮೂಲಧನ. ಅದನ್ನು ಒಡೆದು ಖರ್ಚು ಮಾಡಿ, ಬದಲಿಗೆ ಮೂವತ್ತು ವರ್ಷದ ಮರ ತೋರಿಸಿದರೆ ದತ್ತಿಯ ಟ್ರಸ್ಟಿಗಳು ಒಪ್ಪುತ್ತಾರೆಯೇ?

ಚಂದ್ರಸೂರ್ಯರಿರುವವರೆಗೆ ಎನ್ನಬಹುದಾದದ್ದು ಒಂದಿದೆ. ಐಸ್ಲೆಂಡಿನಲ್ಲಿ 2021ರಿಂದ ನಡೆಯುತ್ತಿರುವ ಓರ್ಕಾ ಘಟಕ ಗಾಳಿಯಿಂದಲೇ ಡೈಆಕ್ಸೈಡ್ ಹೀರಿ, ನೀರಲ್ಲಿ ಕರಗಿಸಿ, ಭೂಮಿಯೊಳಗಿನ ಬಸಾಲ್ಟ್ ಬಂಡೆಗೆ ಇಳಿಸುತ್ತದೆ. ಅಲ್ಲಿ ಅದು ಕಲ್ಲಾಗುತ್ತದೆ. ನಮ್ಮ ವಿಜಯಪುರ, ಬೆಳಗಾವಿ ಕಡೆಯ ಕರಿಕಲ್ಲೂ ಬಸಾಲ್ಟೇ. ಆದರೆ ಓರ್ಕಾದ ಸಾಮರ್ಥ್ಯ ವರ್ಷಕ್ಕೆ 4,000 ಟನ್, ಬೆಲೆ ಟನ್ನಿಗೆ ನೂರಾರು ಡಾಲರ್. ಎರಡು ಕಾಫಿಯ ದುಡ್ಡಿಗೆ ಟನ್ ಸಿಗುವುದು ಏಕೆ ಸುಳ್ಳಿರಬಹುದೆಂದು ಈಗ ಅಂದಾಜಾಗುತ್ತದೆ.

ಸಾಕ್ಷಿಯ ಮಾತು ಉಳಿಯಿತು. ಚಿಕ್ಕಂದಿನಲ್ಲಿ ಕಾವೇರಿಯ ದಂಡೆಯಲ್ಲಿ ಅಜ್ಜನ ಅಪರಕ್ರಿಯೆಗೆ ಹೋದಾಗ ಗೋದಾನಕ್ಕೆ ಒಂದು ಬಿಳಿ ಹಸು ನಿಂತಿತ್ತು. ನಾವು ಬಾಲ ಹಿಡಿದು ದಕ್ಷಿಣೆ ಇಟ್ಟೆವು. ಹಸು ನಾಲ್ಕು ಹೆಜ್ಜೆ ನಡೆದು ಪಕ್ಕದ ಗುಂಪಿನ ಕೈಗೆ ಬಾಲ ಕೊಟ್ಟಿತು. ಸಂಜೆಯೊಳಗೆ ಎಷ್ಟು ಅಜ್ಜಂದಿರನ್ನು ದಾಟಿಸಿತೋ. ಒಂದೇ ಟನ್ನನ್ನು ಇಬ್ಬರಿಗೆ ಮಾರುವುದನ್ನು ತಪ್ಪಿಸಲೆಂದೇ ಪ್ರತಿ ಕ್ರೆಡಿಟ್ಟಿಗೆ ಕ್ರಮಸಂಖ್ಯೆ ಇರುತ್ತದೆ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಮುಂತಾದವರ ರಿಜಿಸ್ಟ್ರಿ ಯಾರು ಬೇಕಾದರೂ ತೆರೆದು ನೋಡಬಹುದಾದ ಖಾತೆ. ಕೊಂಡ ಮೇಲೆ ಆ ಸಂಖ್ಯೆ ನಿಮ್ಮ ಹೆಸರಿನಲ್ಲಿ ‘ರಿಟೈರ್’ ಆಗಿರಬೇಕು. ಆಗಿಲ್ಲವೆಂದರೆ ನೀವು ಹಸುವಿನ ಬಾಲ ಹಿಡಿದಿದ್ದೀರಿ, ಅಷ್ಟೆ. ದೇಶ ದೇಶಗಳ ನಡುವೆಯೂ ಇದೇ ತಕರಾರು: ಇಲ್ಲಿಯ ಉಳಿತಾಯವನ್ನು ಹೊರದೇಶಕ್ಕೆ ಮಾರಿದರೆ ಭಾರತ ತನ್ನ ಲೆಕ್ಕದಿಂದ ಅದನ್ನು ತೆಗೆಯಬೇಕು. ಪ್ಯಾರಿಸ್ ಒಪ್ಪಂದದ ಈ ನಿಯಮಗಳು ಪೂರ್ತಿಯಾಗಲು 2024ರ ಬಾಕು ಸಭೆಯವರೆಗೆ ಕಾಯಬೇಕಾಯಿತು.

ಹಾಗಾದರೆ ನಾನೇನು ಮಾಡುತ್ತೇನೆ? ಮೊದಲು ಪ್ರಯಾಣವನ್ನೇ ಕಡಿಮೆ ಮಾಡಿದೆ; ವರ್ಷಕ್ಕೊಮ್ಮೆ ಹೋಗುವುದು ಬಿಟ್ಟು, ಹೋದರೆ ಮೂರು ತಿಂಗಳು ಇದ್ದು ಬರುತ್ತೇವೆ. ಉಳಿದದ್ದಕ್ಕೆ, ಚೌಕ ಒತ್ತುವ ಬದಲು ರಿಜಿಸ್ಟ್ರಿಯಲ್ಲಿ ಯೋಜನೆಯ ಸಂಖ್ಯೆ ಹುಡುಕಿ, ಅದರ ಅಳತೆಯ ವರದಿ ಓದಿ, ಮೂರು ನಾಲ್ಕು ವರ್ಷಕ್ಕಿಂತ ಹಳೆಯದಲ್ಲದ ಕ್ರೆಡಿಟ್ ಕೊಳ್ಳುತ್ತೇನೆ. ಮೀಟರ್ ಇದ್ದದ್ದಕ್ಕೆ ಆದ್ಯತೆ. ಗ್ರಿಡ್ಡಿಗೆ ಸೇರುವ ಗಾಳಿ, ಸೌರ ವಿದ್ಯುತ್ತಿನ ಕ್ರೆಡಿಟ್ ಮುಟ್ಟುವುದಿಲ್ಲ. ಮಾರುಕಟ್ಟೆಯ ಗುಣಮಟ್ಟ ನೋಡುವ ಐಸಿವಿಸಿಎಂ ಮಂಡಳಿಯೇ 2024ರ ಆಗಸ್ಟ್‌ನಲ್ಲಿ ಅವಕ್ಕೆ ತನ್ನ ಮುದ್ರೆ ನಿರಾಕರಿಸಿದೆ. ಒಂದೂವರೆ ಟನ್ ಬೇಕಾದ ಕಡೆ ಐದು ಟನ್ ಕೊಳ್ಳುತ್ತೇನೆ, ಅರ್ಧಕ್ಕರ್ಧ ಪೊಳ್ಳಾದರೂ ಇರಲಿ ಎಂದು. ಇಷ್ಟಾದ ಮೇಲೂ ನನ್ನ ಪ್ರಯಾಣ ‘ನ್ಯೂಟ್ರಲ್’ ಎಂದು ಹೇಳಿಕೊಳ್ಳುವುದಿಲ್ಲ. ಅದು ದಾನ, ವಜಾ ಅಲ್ಲ. ಆಫ್‌ಸೆಟ್ ತೋರಿಸಿ ಸರಕನ್ನು ನ್ಯೂಟ್ರಲ್ ಎನ್ನುವುದನ್ನು ಯುರೋಪಿನ ಒಕ್ಕೂಟ 2026ರ ಸೆಪ್ಟೆಂಬರ್‌ನಿಂದ ಜಾರಿಗೆ ಬರುವ ನಿಯಮದಲ್ಲಿ ನಿಷೇಧಿಸಿದೆ.

ಈ ಸಭೆಯಲ್ಲಿ ಕೊಳ್ಳುವವರಿಗಿಂತ ಮಾರುವವರ ಮಕ್ಕಳೇ ಹೆಚ್ಚು. ಕೇಂದ್ರ ಸರ್ಕಾರ 2023ರಲ್ಲಿ ದೇಶದ್ದೇ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಪ್ರಕಟಿಸಿದೆ. ಹೊಲದ ಬದುವಿನ ಗಿಡಕ್ಕೆ, ಮಣ್ಣಿನ ಇಂಗಾಲಕ್ಕೆ ದುಡ್ಡು ಕೊಡಿಸುತ್ತೇವೆ ಎಂದು ಊರಿಗೆ ಬರುವವರೂ ಹೆಚ್ಚುತ್ತಾರೆ. ಅಪ್ಪ ಹೆಬ್ಬೆಟ್ಟು ಒತ್ತುವ ಮೊದಲು ಕರಾರನ್ನು ನೀವು ಓದಿ. ಎಷ್ಟು ವರ್ಷ ಗಿಡ ಕಡಿಯುವಂತಿಲ್ಲ, ಕ್ರೆಡಿಟ್ ಯಾರ ಹೆಸರಿಗೆ, ಮಾರಿದ ಬೆಲೆಯಲ್ಲಿ ಮನೆಗೆಷ್ಟು ಪಾಲು, ಒಣಗಿದರೆ ಹೊಣೆ ಯಾರದು. ಕೊನೆಯದಾಗಿ, ನೀರು ಯಾರು ತರುತ್ತಾರೆ ಎಂದು ಕೇಳಿ. ಗುಡಿಬಂಡೆಯಲ್ಲಿ ಯಾರೂ ಕೇಳಿರಲಿಲ್ಲ.

ನನ್ನ ಮಾತು ಮುಗಿಯಿತು. ವಂದನಾರ್ಪಣೆಗೆ ಮುಂಚೆ ಅಧ್ಯಕ್ಷರಲ್ಲಿ ಒಂದು ಕೋರಿಕೆ. ಬೆಳಗ್ಗೆ ನಾವಿಬ್ಬರೂ ಎರಡು ಸಲ ನೀರು ಹೊಯ್ದ ಆ ಮಾವಿನ ಸಸಿ ವೇದಿಕೆಯ ಪಕ್ಕದಲ್ಲೇ ಇದೆ. ಮನೆಯಲ್ಲಿ ಬಾವಿಯೋ ಬೋರೋ ಇರುವ ವಿದ್ಯಾರ್ಥಿಯೊಬ್ಬರು ಅದನ್ನು ಇವತ್ತೇ ತೆಗೆದುಕೊಂಡು ಹೋಗಲಿ, ಹೋಗುವಾಗ ಚೀಲವನ್ನು ಹರಿದು ನೆಡಬೇಕೆಂದು ಯಾರಾದರೂ ಹೇಳಿಕೊಡಿ.